ಒಂದೇ ಮನೆ, ನಾಲ್ಕು ಜನ್ಮದಿನಾಂಕ

ಕುಶಾಲನಗರದಲ್ಲಿ ಕಾವೇರಿ ಸೇತುವೆ ದಾಟಿದರೆ ಕೊಡಗು ಮುಗಿದು ಮೈಸೂರು ಜಿಲ್ಲೆ ಶುರುವಾಗುತ್ತದೆ. ಕೊಪ್ಪ ಗೇಟಿನಿಂದ ಒಳಕ್ಕೆ ತಿರುಗಿದರೆ ಬೈಲಕುಪ್ಪೆಯ ಟಿಬೆಟನ್ ಕ್ಯಾಂಪುಗಳು. ನನ್ನ ವಕೀಲಿ ಕಚೇರಿ ಸೇತುವೆಯ ಈಚೆಗಿದೆ. ಜಮೀನು ವ್ಯಾಜ್ಯ, ಚೆಕ್ ಬೌನ್ಸ್ ನೋಡಿಕೊಂಡಿದ್ದ ನನಗೆ ನಿರಾಶ್ರಿತರ ಕಾನೂನು ಕಲಿಸಿದ್ದು ಆಚೆಯಿಂದ ಬಂದ ಒಬ್ಬ ತಾಯಿ. 2018ರ ಬೇಸಿಗೆಯಲ್ಲಿ ಆಕೆ ಒಂದು ಪ್ಲಾಸ್ಟಿಕ್ ಕವರನ್ನು ನನ್ನ ಮೇಜಿನ ಮೇಲಿಟ್ಟರು. ಮಗನಿಗೆ ವಿದೇಶದಲ್ಲಿ ಓದುವ ಅವಕಾಶ ಸಿಕ್ಕಿತ್ತು. ‘ಪಾಸ್‌ಪೋರ್ಟ್ ಮಾಡಿಸಿಕೊಡಿ ಸಾರ್’ ಎಂದರು, ಸ್ವಚ್ಛವಾದ ಕನ್ನಡದಲ್ಲಿ.

ಕವರಿನಲ್ಲಿ ಆಕೆಯ ಆರ್‌ಸಿ ಇತ್ತು. ವಿದೇಶಿಯರಿಗೆ ಪೊಲೀಸ್ ಇಲಾಖೆ ಕೊಡುವ ಆ ನೋಂದಣಿ ಪತ್ರದ ಮಡಿಕೆಗಳು ಹರಿದು, ಟೇಪು ಹಚ್ಚಿ, ಟೇಪೂ ಹಳದಿಯಾಗಿತ್ತು. ಹುಟ್ಟಿದ ಊರು ಬೈಲಕುಪ್ಪೆ, ರಾಷ್ಟ್ರೀಯತೆ ಟಿಬೆಟನ್. ಎರಡೂ ಸಾಲುಗಳು ಒಂದೇ ಪುಟದಲ್ಲಿದ್ದವು.

ನಾನು ಮೊದಲು ಹುಡುಕಿದ್ದು ನಿರಾಶ್ರಿತರ ಕಾಯ್ದೆಯನ್ನು. ನಮ್ಮ ದೇಶದಲ್ಲಿ ಅಂಥ ಕಾಯ್ದೆಯೇ ಇಲ್ಲ. ನಿರಾಶ್ರಿತರ ಕುರಿತ 1951ರ ಜಿನೀವಾ ಒಡಂಬಡಿಕೆಗಾಗಲಿ, 1951ಕ್ಕೆ ಮುಂಚಿನ ಘಟನೆಗಳಿಗಷ್ಟೇ ಎಂಬ ಅದರ ಕಾಲಮಿತಿಯನ್ನು ತೆಗೆದುಹಾಕಿದ 1967ರ ಪ್ರೋಟೋಕಾಲ್‌ಗಾಗಲಿ ಭಾರತ ಸಹಿ ಹಾಕಿಲ್ಲ. ಆಗ ಜಾರಿಯಲ್ಲಿದ್ದ 1946ರ ವಿದೇಶಿಯರ ಕಾಯ್ದೆಗೆ ವೀಸಾ ಮುಗಿದ ಪ್ರವಾಸಿಯೂ ಜೀವ ಉಳಿಸಿಕೊಳ್ಳಲು ಓಡಿ ಬಂದವನೂ ಒಂದೇ. 2025ರಲ್ಲಿ ಅದರ ಜಾಗಕ್ಕೆ ಹೊಸ ಕಾಯ್ದೆ ಬಂತು. ನಿರಾಶ್ರಿತ ಎಂದರೆ ಯಾರು ಎಂಬುದನ್ನು ಅದೂ ಹೇಳುವುದಿಲ್ಲ. ಟಿಬೆಟನ್ನರು ಇಲ್ಲಿ ಇಷ್ಟು ವರ್ಷ ನೆಮ್ಮದಿಯಿಂದ ಬದುಕಿದ್ದು ಸರ್ಕಾರದ ಆದೇಶಗಳ ಬಲದಿಂದ. ಆ ಔದಾರ್ಯ ದೊಡ್ಡದು, ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಆದೇಶವನ್ನು ಕೊಟ್ಟ ಕೈಯೇ ಹಿಂಪಡೆಯಬಹುದು. ಹಕ್ಕನ್ನಾದರೆ ಹಾಗೆ ಸುಲಭವಾಗಿ ಕಿತ್ತುಕೊಳ್ಳಲಾಗದು.

ಹಾಗಾಗಿ ಪೌರತ್ವ ಕಾಯ್ದೆಯ 3ನೇ ಸೆಕ್ಷನ್ ತೆರೆದು ಕುಳಿತೆ. 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮುಂಚೆ ಈ ನೆಲದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು. ಇದು ಟಿಬೆಟನ್ನರಿಗೂ ಅನ್ವಯಿಸುತ್ತದೆ ಎಂದು ದೆಹಲಿ ಹೈಕೋರ್ಟ್ 2010ರಲ್ಲಿ ಹೇಳಿತ್ತು, ನಮ್ಮ ಕರ್ನಾಟಕ ಹೈಕೋರ್ಟ್ 2013ರಲ್ಲಿ. ಅವರ ಮನೆಯ ಲೆಕ್ಕ ಹಾಕಿದೆ. 1959ರಲ್ಲಿ ಗಡಿ ದಾಟಿ ಬಂದ ಅಜ್ಜಿ ವಿದೇಶಿ. 1971ರಲ್ಲಿ ಕ್ಯಾಂಪಿನಲ್ಲೇ ಹುಟ್ಟಿದ ತಾಯಿ, ಕೈಯಲ್ಲಿ ಯಾವ ಪತ್ರ ಇದ್ದರೂ, ಭಾರತೀಯಳು. ಮಗ 1994ರವನು, ಆ ಅವಧಿಯಲ್ಲಿ ಹುಟ್ಟಿದವರಿಗೆ ತಂದೆ ತಾಯಿಯರಲ್ಲಿ ಒಬ್ಬರು ಭಾರತೀಯರಾಗಿದ್ದರೆ ಸಾಕು, ಆದ್ದರಿಂದ ಅವನೂ ಭಾರತೀಯ. ಮಗಳು 2006ರವಳು. 2004ರ ಡಿಸೆಂಬರ್‌ನಿಂದ ಈಚೆ ಹುಟ್ಟಿದವರಿಗೆ ಇನ್ನೂ ಒಂದು ಷರತ್ತಿದೆ: ಒಬ್ಬರು ಭಾರತೀಯರಾಗಿದ್ದರೂ ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಅವಳ ತಂದೆ ನೇಪಾಳದ ಹಾದಿಯಲ್ಲಿ ಕಾಗದವಿಲ್ಲದೆ ನಡೆದು ಬಂದವರು; ಆರ್‌ಸಿ ಸಿಕ್ಕಿದ್ದು ಹಲವು ವರ್ಷಗಳ ನಂತರ. ಒಂದೇ ಒಲೆಯ ಅನ್ನ ಉಣ್ಣುವವರನ್ನು ಕಾನೂನು ಹೀಗೆ ಬೇರೆ ಬೇರೆ ಪಂಕ್ತಿಯಲ್ಲಿ ಕೂರಿಸಿತ್ತು.

ಕಾನೂನು ಗೊತ್ತಾಯಿತು, ಸಾಕ್ಷ್ಯ ಬೇಕಿತ್ತು. ತಾಯಿ ಹುಟ್ಟಿದ್ದು ಮನೆಯಲ್ಲಿ. ಜನನ ನೋಂದಣಿ ಆಗಿರಲಿಲ್ಲ. ತಡ ನೋಂದಣಿಗೆ ಪಿರಿಯಾಪಟ್ಟಣದ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ಅರ್ಜಿ ಹಾಕಿದೆ. ಶಾಲೆಯ ದಾಖಲೆಯಲ್ಲಿ 1971, ಆರ್‌ಸಿಯಲ್ಲಿ 1972. ಎರಡೂ 1987ಕ್ಕಿಂತ ಹಿಂದಿನವೇ. ಆದರೂ ಅದೊಂದು ಅಂಕಿಗಾಗಿ ಒಂದು ಕಚೇರಿಯಿಂದ ಕಡತ ಮೂರು ಸಲ ವಾಪಸ್ ಬಂತು. ಕೊನೆಗೆ ಅಜ್ಜಿಯನ್ನೇ ಕೇಳಲು ಹೋದೆ. ಎಲ್ಲರಂತೆ ನಾನೂ ಅವರನ್ನು ಅಮಾಲಾ, ಅಂದರೆ ಅಮ್ಮ, ಎನ್ನುತ್ತೇನೆ. ಮಣಿಸರ ಎಣಿಸುವುದನ್ನು ನಿಲ್ಲಿಸಿ, ‘ಹಂದಿಯ ವರ್ಷ, ಜೋಳ ಮುರಿಯುವ ಕಾಲ’ ಎಂದರು. ಟಿಬೆಟನ್ ಪಂಚಾಂಗದ ಹಂದಿ ವರ್ಷ ನಮ್ಮ 1971ರಲ್ಲಿ ಆರಂಭವಾಗಿ 1972ರ ಲೋಸರ್ ಎಂಬ ಹೊಸ ವರ್ಷದ ಹಬ್ಬಕ್ಕೆ ಮುಗಿಯುತ್ತದೆ. ಬರೆದುಕೊಂಡವರು ಎಡವಿದ್ದು ಇಲ್ಲೇ ಇರಬೇಕು. ಮುಸುಕಿನ ಜೋಳ ಮುರಿಯುವುದು ಮಳೆಗಾಲ ಕಳೆಯುವ ಹೊತ್ತಿಗೆ, ಅಂದರೆ 1971. ಅಜ್ಜಿಯ ಮಾತನ್ನೂ ಪಕ್ಕದ ಮನೆಯ ವೃದ್ಧೆಯ ಮಾತನ್ನೂ ಪ್ರಮಾಣಪತ್ರಕ್ಕೆ ಇಳಿಸಿದೆ. ಆದೇಶ ನಮ್ಮ ಪರವಾಗಿ ಬಂತು.

ಅಷ್ಟರಲ್ಲಿ ಆಗಸ್ಟ್ ತಿಂಗಳು. ಕೊಡಗಿನ ಬೆಟ್ಟಗಳು ಕುಸಿದವು. ಮಕ್ಕಂದೂರು ಕಡೆಯ ಒಬ್ಬ ಹಿರಿಯರು ಪರಿಹಾರ ಕೇಂದ್ರದಲ್ಲಿ ನನ್ನ ಕೈ ಹಿಡಿದು, ‘ನಾವೂ ಈಗ ನಿರಾಶ್ರಿತರೇ ಅಲ್ಲವೇ ವಕೀಲರೇ?’ ಎಂದರು. ತೋಟ, ಮನೆ, ಪಹಣಿ ಎಲ್ಲವೂ ಮಣ್ಣಿನಡಿ ಹೋಗಿದ್ದವು. ಕನ್ನಡದ ಮಾತಿನಲ್ಲಿ ಹೌದು, ಆಶ್ರಯ ಕಳೆದುಕೊಂಡವರೆಲ್ಲ ನಿರಾಶ್ರಿತರೇ. ಅಂತರರಾಷ್ಟ್ರೀಯ ಕಾನೂನಿನಲ್ಲಿ ಅಲ್ಲ. ಅದಕ್ಕೆ ದೇಶದ ಗಡಿ ದಾಟಿರಬೇಕು. ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ಗುಂಪು, ರಾಜಕೀಯ ಅಭಿಪ್ರಾಯ ಇವುಗಳಲ್ಲಿ ಒಂದರ ಕಾರಣಕ್ಕೆ ಕಿರುಕುಳದ ಭಯ ಇರಬೇಕು. ಮಳೆ, ಕಡಲು, ಬರ ಆ ಪಟ್ಟಿಯಲ್ಲಿಲ್ಲ. ಸಮುದ್ರಕ್ಕೆ ಸವೆಯುತ್ತಿರುವ ಕಿರಿಬಾಟಿ ದ್ವೀಪದ ವ್ಯಕ್ತಿಯೊಬ್ಬರು ನ್ಯೂಜಿಲೆಂಡ್ ವಿರುದ್ಧ ದೂರು ಕೊಂಡೊಯ್ದಾಗ, 2020ರಲ್ಲಿ ಪ್ರಕಟವಾದ ನಿರ್ಣಯದಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ ಅವರ ಬೇಡಿಕೆಯನ್ನು ಒಪ್ಪಲಿಲ್ಲ. ಆದರೆ ಹವಾಮಾನದಿಂದ ಜೀವಕ್ಕೇ ಅಪಾಯವಿರುವ ಕಡೆಗೆ ಯಾರನ್ನೂ ಕಳುಹಿಸದಿರುವ ಹೊಣೆ ದೇಶಗಳ ಮೇಲೆ ಬೀಳಬಹುದು ಎಂದಿತು. ಈ ಕಾನೂನಿನ ನಾಳೆ ಆ ಮಾತಿನಿಂದ ಬೆಳೆಯಬೇಕು ಎಂದು ನನಗನ್ನಿಸುತ್ತದೆ. ಜಗತ್ತಿನಲ್ಲಿ ಯುದ್ಧ, ಹಿಂಸೆ, ಕಿರುಕುಳಗಳಿಂದಲೇ ನೆಲೆ ತಪ್ಪಿದವರು 2024ರ ಕೊನೆಗೆ 12 ಕೋಟಿಗೂ ಹೆಚ್ಚು.

ಅತ್ತ ಸಿರಿವಂತ ದೇಶಗಳು ಬಂದವರನ್ನು ಬೇರೆ ದೇಶಕ್ಕೆ ಸಾಗಿಸುವ ದಾರಿ ಹುಡುಕುತ್ತಿವೆ. ಬ್ರಿಟನ್ನಿನ ರುವಾಂಡಾ ಯೋಜನೆಯನ್ನು ಅಲ್ಲಿನ ಸುಪ್ರೀಂ ಕೋರ್ಟ್ 2023ರಲ್ಲಿ ಕಾನೂನುಬಾಹಿರ ಎಂದಿತು. ಅಪಾಯದ ಬಾಯಿಗೆ ಮರಳಿ ತಳ್ಳಬಾರದೆಂಬ ತತ್ವ ಅಲ್ಲಿ ಕೆಲಸ ಮಾಡಿತು. ನಮ್ಮಲ್ಲಿ ಅರುಣಾಚಲದಲ್ಲಿ ನೆಲೆಸಿದ್ದ ಚಕ್ಮಾ ನಿರಾಶ್ರಿತರ 1996ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಜೀವಿಸುವ ಹಕ್ಕು ವಿದೇಶಿಗೂ ಇದೆ ಎಂದಿತ್ತು. 2021ರಲ್ಲಿ ಮ್ಯಾನ್ಮಾರ್‌ನಿಂದ ಓಡಿ ಬಂದ ರೋಹಿಂಗ್ಯಾಗಳ ಪ್ರಕರಣದಲ್ಲಿ ಅದನ್ನು ಒಪ್ಪಿಯೂ, ಗಡೀಪಾರು ಆಗದಿರುವ ಹಕ್ಕು ನಾಗರಿಕರಿಗಷ್ಟೇ ಎಂದಿತು. ಈ ಎರಡು ಮಾತುಗಳ ನಡುವಿನ ಕಂದಕಕ್ಕೆ ಸೇತುವೆ ಕಟ್ಟಬೇಕಾದದ್ದು ಸಂಸತ್ತು. ಆಶ್ರಯ ಕೋರುವವರಿಗಾಗಿ 2015ರಲ್ಲಿ ಒಂದು ಖಾಸಗಿ ಮಸೂದೆ ಮಂಡನೆಯಾಗಿತ್ತು, ಅದು ಕಾಯ್ದೆಯಾಗಲಿಲ್ಲ.

ಮಗನಿಗೆ ಪಾಸ್‌ಪೋರ್ಟ್ ಸಿಕ್ಕಿತು. ಆದರೆ 2017ರಲ್ಲಿ ಬಂದ ನಿಯಮದಂತೆ ಆರ್‌ಸಿ ಒಪ್ಪಿಸಬೇಕಿತ್ತು, ಟಿಬೆಟನ್ ವಸತಿಯಲ್ಲಿ ಇರುವಂತಿರಲಿಲ್ಲ. ಅವನು ಕುಶಾಲನಗರದಲ್ಲಿ ಒಂದು ಬಾಡಿಗೆ ಕೋಣೆ ಹಿಡಿದು, ಅಲ್ಲಿಂದಲೇ ವಿಮಾನ ಹತ್ತಲು ಹೊರಟ. ತಾಯಿ ತನಗಾಗಿ ಅರ್ಜಿ ಹಾಕಲೇ ಇಲ್ಲ. ‘ಅಮ್ಮನನ್ನು ಬಿಟ್ಟು ನಾನು ಸೇತುವೆ ದಾಟಲಾರೆ ಸಾರ್’ ಎಂದರು. ಹುಟ್ಟಿನಿಂದ ಬಂದ ಹಕ್ಕಿಗೆ ಹುಟ್ಟಿದ ಮನೆಯನ್ನೇ ಬೆಲೆಯಾಗಿ ಕೇಳುವುದು ತಪ್ಪು. ಅರ್ಜಿಗಳಲ್ಲಿ ಹಾಗೆಂದೇ ಬರೆದಿದ್ದೇನೆ.

ಈಗ ಮೇಜಿನ ಮೇಲಿರುವುದು ಮಗಳ ಕಡತ. ತಂದೆಗೆ ಮೊದಲ ಸಲ ಕೊಟ್ಟ ಆರ್‌ಸಿಯ ಮೂಲ ಪ್ರತಿ ಬೇಕು. ಸರ್ಕಾರವೇ ನೋಂದಾಯಿಸಿಕೊಂಡು ವರ್ಷ ವರ್ಷ ಮುದ್ರೆ ಒತ್ತಿದವರನ್ನು ಅಕ್ರಮ ವಲಸಿಗ ಎನ್ನಲಾಗದು ಎಂಬುದು ನನ್ನ ವಾದ. ಟ್ರಂಕಿನ ತಳದಲ್ಲಿರಬಹುದು ಎಂದು ತಾಯಿ ಹೇಳಿದ್ದಾರೆ. ಭಾನುವಾರ ಹುಡುಕಿ ತರುತ್ತಾರೆ.