ಸಂಸಾರ ನಡೆಸ್ತಾ ಹತ್ತನೇ ಪಾಸಾಗೋದು ಹ್ಯಾಂಗ

ಕಲಬುರಗಿ ಸೂಪರ್ ಮಾರ್ಕೆಟ್ ಹಿಂದಿನ ಓಣ್ಯಾಗ ನಂದು ಹೊಲಿಗಿ ಅಂಗಡಿ ಅದ. ಜಂಪರ್ ಅಳತಿ ಕೊಡ್ಲಿಕ್ಕೆ ಬಂದವರು ಗೋಡಿ ಮ್ಯಾಲಿನ ಮಾರ್ಕ್ಸ್‌ಕಾರ್ಡ್ ನೋಡಿ, "ಅಕ್ಕಾರೆ, ಮಕ್ಕಳ ಲಗ್ನ ಮಾಡೋ ವಯಸ್ಸಿನ್ಯಾಗ ಹತ್ತನೇ ಹ್ಯಾಂಗ ಪಾಸ್ ಮಾಡಿದ್ರಿ?" ಅಂತಾರ. ಕತ್ತರಿ ಕೆಳಗಿಟ್ಟು ಒಬ್ಬೊಬ್ಬರಿಗೂ ಹೇಳೋದರ ಬದಲಿ ಒಮ್ಮೆ ಬರ್ದಿಡ್ತೀನಿ.

ನಾ ಹಿಡಿದದ್ದು ಎನ್‌ಐಓಎಸ್, ಅಂದ್ರ ಕೇಂದ್ರ ಸರ್ಕಾರದ ಮುಕ್ತ ಶಾಲೆ; ಮನಿಯಾಗೇ ಓದಿ ಪರೀಕ್ಷೆ ಬರಿಯೋದು. 14 ವರ್ಷ ತುಂಬಿದ ಯಾರೇ ಆದ್ರೂ ಹತ್ತನೇಗೆ ಹೆಸರು ಹಚ್ಚಬಹುದು. ಮ್ಯಾಲಿನ ವಯಸ್ಸಿಗೆ ಮಿತಿ ಇಲ್ಲ. ಹಳೇ ಶಾಲಿ ಟಿಸಿ ಎಲ್ಲೋ ಕಳದದ ಅಂತ ಹೆದರಬ್ಯಾಡ್ರಿ. ಹತ್ತನೇ ಓದೋವಷ್ಟು ನನಗ ಬರ್ತದ ಅಂತ ನೀವೇ ಬರ್ದುಕೊಟ್ರ ನಡೀತದ. 5 ವಿಷಯ ಪಾಸಾಗಬೇಕು. ಅದಕ್ಕ 5 ವರ್ಷ ಟೈಮು, 9 ಸಲ ಪರೀಕ್ಷೆ ಬರಿಯೋ ಅವಕಾಶ. ಪಾಸಾದ ವಿಷಯ ನಿಮ್ಮ ಹೆಸರಿಗೆ ಜಮಾ ಆಗಿರ್ತದ.

ಅದಕ್ಕೇ ಹೇಳೋದು, ಐದೂ ಒಮ್ಮೆಗೇ ಹೊರಬ್ಯಾಡ್ರಿ. ಶಾಲಿ ಹುಡುಗರಂಗ ಎಲ್ಲಾ ಪುಸ್ತಕ ಹರವಿ ಕುಂತವರು ಆಮ್ಯಾಲೆ ಗಂಟು ಕಟ್ಟಿ ಅಟ್ಟಕ್ಕ ಎಸೆದದ್ದು ಭಾಳ ನೋಡೀನಿ. ಮೊದಲ ಪರೀಕ್ಷೆಗೆ ಎರಡೇ ವಿಷಯ ಹಿಡೀರಿ: ಒಂದು ಭಾಷೆ, ಇನ್ನೊಂದು ನಿಮ್ಮ ಕೈಕೆಲಸಕ್ಕ ಹತ್ತಿರದ್ದು. ನಾ ಗೃಹವಿಜ್ಞಾನ ತಗೊಂಡೆ. ಅದರಾಗ ನೂಲು, ಬಟ್ಟಿ ಪಾಠ ಬರ್ತದ. ಹತ್ತಿ ದಾರ ಸುಟ್ಟರ ಕಾಗದ ಸುಟ್ಟ ವಾಸನಿ, ಹಗುರ ಬೂದಿ; ನೈಲಾನ್ ಕರಗಿ ಗಟ್ಟಿ ಗುಂಡಾಗ್ತದ. ಗಿರಾಕಿ ಮುಂದ ಬೆಂಕಿಕಡ್ಡಿ ಗೀರಿ ಇದನ್ನ ತೋರಿಸ್ತಾನೇ ಇರ್ತೀನಿ, ಬರ್ದು ತಿಳಿಸೋದಷ್ಟೇ ಕಲಿಬೇಕಿತ್ತು. ಗಣಿತ ಕಡ್ಡಾಯ ಇಲ್ಲ. ಆದ್ರ ಮುಂದ ಐಟಿಐ ಸೇರೋ ಆಸೆ ಇದ್ದವರು ಗಣಿತ, ವಿಜ್ಞಾನ ಬಿಡಬ್ಯಾಡ್ರಿ.

ಪುಸ್ತಕ ಎನ್‌ಐಓಎಸ್ ಜಾಲತಾಣದಾಗ ಪುಕ್ಕಟೆ ಸಿಗ್ತಾವ. ಎಲ್ಲಾ ವಿಷಯ ಎಲ್ಲಾ ಭಾಷೆಯಾಗ ಇರಂಗಿಲ್ಲ. ನಮ್ಮೂರಾಗ ಉರ್ದು, ಹಿಂದಿ ಓದೋರೂ ಭಾಳ ಮಂದಿ ಅದಾರ. ನಿಮಗ ಸಲೀಸಾಗಿ ಓದ್ಲಿಕ್ಕೆ ಬರೋ ಭಾಷೆಯ ಪುಸ್ತಕ ಕಣ್ಣಿಗೆ ಕಂಡ ಮ್ಯಾಲೇ ವಿಷಯಕ್ಕ ಟಿಕ್ ಹಾಕ್ರಿ.

ಅರ್ಜಿ ಹಾಕೋ ಮೊದಲು ಆಧಾರ್ ಕಾರ್ಡ್ ಬಿಚ್ಚಿ ನೋಡ್ರಿ. ಹೆಣ್ಣುಮಕ್ಕಳದಾಗ ಒಂದು ಕಡೆ ಅಪ್ಪನ ಹೆಸರು, ಒಂದು ಕಡೆ ಗಂಡನ ಹೆಸರು, ಮತ್ತೊಂದು ಕಡೆ ಅಡ್ಡಹೆಸರು ಇರ್ತದ. ಮಾರ್ಕ್ಸ್‌ಕಾರ್ಡಿನ ಮ್ಯಾಲೆ ಯಾವುದು ಇರಬೇಕೋ ಅದನ್ನ ಮೊದಲು ಸರಿ ಮಾಡಿಸ್ರಿ.

ಪರೀಕ್ಷೆ ಏಪ್ರಿಲ್-ಮೇ, ಅಕ್ಟೋಬರ್-ನವೆಂಬರ್, ವರ್ಷಕ್ಕ ಎರಡು ಸಲ. ಏಪ್ರಿಲ್ ಅಂದ್ರ ನಮ್ಮ ಬಿಸಲು, ಮ್ಯಾಲೆ ಲಗ್ನದ ಜಂಪರ್‌ಗಳ ಗುಡ್ಡಿ. ಅಕ್ಟೋಬರ್ ಅಂದ್ರ ದೀಪಾವಳಿ ಗಿರಾಕಿ. (ದರ್ಜಿಗೆ ಬಿಡುವಿನ ತಿಂಗಳು ಅಂತ ಯಾರು ಹೇಳ್ಯಾರ!) ಹೊಲದ ಕೆಲಸದವರು ಬಿಳಿಜೋಳ ಬಿತ್ತೋ ದಿನ ಲೆಕ್ಕ ಹಾಕಿ ಆರಿಸಿಕೊಳ್ರಿ. ನಡುವ ಮನಿಯಾಗೇ ಬರ್ದು ಕೊಡೋ ಅಸೈನ್‌ಮೆಂಟಿಗೆ ನೂರಕ್ಕ 20 ಅಂಕ ಅದಾವ. ಪಾಸಾಗ್ಲಿಕ್ಕೆ ನೂರಕ್ಕ 33 ಬೇಕು, ಆ 20 ಸುಮ್ನ ಬಿಡೋದೇನು?

ಓದೋದಕ್ಕಿಂತ ಬರಿಯೋದೇ ಕಠಿಣ. ಪೆನ್ನು ಹಿಡಿದು ವರ್ಷಗಟ್ಟಲೆ ಆಗಿರ್ತದ, ಅರ್ಧ ತಾಸಿಗೇ ಹೆಬ್ಬೆರಳು ಸೆಟೀತದ. ದಿನಾ ರಾತ್ರಿ ಒಂದು ಹಳೇ ಪ್ರಶ್ನೆಗೆ ಗಡಿಯಾರ ನೋಡಿ ಉತ್ತರ ಬರೀರಿ. ಮನಿಯಾಗ ಟಿವಿ ಗದ್ದಲ ಇದ್ರ, ಹಳ್ಳ್ಯಾಗಿನವರು ಹಗಲಿಗೇ ಪಂಚಾಯ್ತಿ ಅರಿವು ಕೇಂದ್ರಕ್ಕ, ಅಂದ್ರ ಊರಿನ ಗ್ರಂಥಾಲಯಕ್ಕ, ಹೋಗಿ ಕೂಡ್ರಿ.

ಅಕ್ಷರವೇ ಬಾರದವರ ದಾರಿ ಬ್ಯಾರೆ. ನನ್ನ ತವರು ಯಾದಗಿರಿ. 2011ರ ಜನಗಣತಿಯಾಗ ಅಲ್ಲಿ ಓದುಬರಹ ಬಲ್ಲವರು ನೂರಕ್ಕ 52ರಷ್ಟೇ, ರಾಜ್ಯದಾಗ ಎಲ್ಲಕ್ಕಿಂತ ಕಡಿಮಿ. ಅಂಥವರಿಗೆ 'ಉಲ್ಲಾಸ್' ಸಾಕ್ಷರತಾ ಕಾರ್ಯಕ್ರಮ ಅದ, 15 ವರ್ಷ ದಾಟಿದವರಿಗೆಲ್ಲಾ. ಕಲಿಸೋರು ಸ್ವಯಂಸೇವಕರು. ಪಂಚಾಯ್ತಿಯಾಗ ಕೇಳ್ರಿ, ಹತ್ತನೇ ಪಾಸಾದವರು ಕಲಿಸ್ತೀನಿ ಅಂತಲೂ ಕೇಳಬಹುದು.