ಪಿಟಿಷನ್ ಮಂಜೂರಾದ ಮೇಲೆ ಕಾನ್ಸುಲೇಟಿನ ಮುಂದೆ

ಮಂಗಳೂರಿನಲ್ಲಿ ಅಮೆರಿಕದ ಕುಟುಂಬ ವೀಸಾಗಳ ಕಡತ ಸಿದ್ಧಪಡಿಸುವ ನಾನು, ಪಿಟಿಷನ್ (ಅಲ್ಲಿರುವ ಬಂಧು ಸಲ್ಲಿಸುವ ಅರ್ಜಿ) ಮಂಜೂರಾಗುವುದು ಬೇರೆ, ವೀಸಾ ಸಿಗುವುದು ಬೇರೆ ಎಂಬುದನ್ನು ಬಂದವರಿಗೆಲ್ಲ ಮೊದಲೇ ವಿವರಿಸುತ್ತೇನೆ. ಅಲ್ಲಿನ ಪೌರನಾದ ಪತಿ ಉಡುಪಿಯಲ್ಲಿರುವ ಪತ್ನಿಗಾಗಿ ಸಲ್ಲಿಸುವ ಐ-130 ಎಂಬ ಪಿಟಿಷನ್ನನ್ನು ಪರಿಶೀಲಿಸುವುದು ಗೃಹಭದ್ರತಾ ಇಲಾಖೆಯ ವಲಸೆ ವಿಭಾಗವಾದ ಯುಎಸ್‌ಸಿಐಎಸ್. ವೀಸಾ ಕೊಡುವ ಕಾನ್ಸುಲೇಟ್ ವಿದೇಶಾಂಗ ಇಲಾಖೆಗೆ ಸೇರಿದ್ದು. ಮೊದಲನೆಯದು ಒಪ್ಪಿದ್ದನ್ನು ಎರಡನೆಯದು ಸಾಮಾನ್ಯವಾಗಿ ಗೌರವಿಸುತ್ತದೆಯಾದರೂ, ಹೊಸ ಸಂಶಯ ಎದ್ದರೆ ಪಿಟಿಷನ್ನನ್ನು ಹಿಂದಕ್ಕೆ ಕಳುಹಿಸುವ ಅಧಿಕಾರ ಅದಕ್ಕಿದೆ.

ಯುಎಸ್‌ಸಿಐಎಸ್ ಈ ಪಿಟಿಷನ್ನನ್ನು ಹೆಚ್ಚಾಗಿ ಕಾಗದದ ಆಧಾರದ ಮೇಲೆಯೇ ತೀರ್ಮಾನಿಸುತ್ತದೆ. ದಾಖಲೆ ಸಾಲದಿದ್ದರೆ ಗರಿಷ್ಠ 12 ವಾರಗಳ ಗಡುವು ಕೊಟ್ಟು, ಹೆಚ್ಚಿನ ದಾಖಲೆ ಕೇಳುವ ಪತ್ರವಾದ ಆರ್‌ಎಫ್‌ಇ ಕಳುಹಿಸಬಹುದು. ನಿರಾಕರಿಸಿದರೆ ಕಾರಣವನ್ನು ಬರೆದು ತಿಳಿಸುತ್ತದೆ, ಮೇಲ್ಮನವಿಗೂ ದಾರಿಯಿದೆ. ನಮ್ಮ ಊರಿನ ಪರಿಚಯವೇ ಇಲ್ಲದ ಅಧಿಕಾರಿ ಓದುತ್ತಾನೆಂದು ಭಾವಿಸಿಯೇ ನಾನು ಕಡತ ಜೋಡಿಸುತ್ತೇನೆ. ಪ್ರತಿ ಫೋಟೊದ ಜೊತೆಗೆ ಅದರಲ್ಲಿರುವವರ ಹೆಸರು, ಸಂಬಂಧ ಮತ್ತು ದಿನಾಂಕ ಬರೆಸುತ್ತೇನೆ. ತುಳುನಾಡಿನಲ್ಲಿ ಹೆಸರಿನ ವಿಷಯಕ್ಕೆ ವಿಶೇಷ ಎಚ್ಚರ ಬೇಕು: ಅಂಕಪಟ್ಟಿಯಲ್ಲಿ ಇನಿಶಿಯಲ್ ಮಾತ್ರ, ಪಾಸ್‌ಪೋರ್ಟಿನಲ್ಲಿ ಶೆಟ್ಟಿ ಅಥವಾ ಪೂಜಾರಿ, ಮದುವೆಯ ನೋಂದಣಿಯಲ್ಲಿ ಇನ್ನೊಂದು ರೂಪ ಇರುವುದು ಇಲ್ಲಿ ಸಾಮಾನ್ಯ. ಹೀಗಾಗಿ ಎಲ್ಲವೂ ಒಬ್ಬರದೇ ಎಂಬ ಪ್ರಮಾಣಪತ್ರವನ್ನು ಆರಂಭದಲ್ಲೇ ಸೇರಿಸುತ್ತೇನೆ. 1969ರ ಜನನ ಮರಣ ನೋಂದಣಿ ಕಾಯ್ದೆಗೆ ಮೊದಲು ಹುಟ್ಟಿದ ತಂದೆತಾಯಿಯರಿಗೆ ಜನನ ಪತ್ರ ಸಿಗದಿದ್ದರೆ, ಅಲಭ್ಯತೆಯ ಪತ್ರದೊಂದಿಗೆ ಶಾಲೆಯ ದಾಖಲೆ, ಕ್ರೈಸ್ತರಾದರೆ ಚರ್ಚಿನ ಜ್ಞಾನಸ್ನಾನದ ದಾಖಲೆ, ಹಿರಿಯ ಬಂಧುಗಳ ಅಫಿಡವಿಟ್ ಇಡುತ್ತೇನೆ.

ಪೊಲೀಸ್ ಕ್ಲಿಯರೆನ್ಸ್, ಅಧಿಕೃತ ವೈದ್ಯರ ತಪಾಸಣೆ ಮುಂತಾದವು ಕಾನ್ಸುಲೇಟಿನ ಹಂತದಲ್ಲಿ ಬರುತ್ತವೆ. ಪಟ್ಟಿ ಹಿಡಿದು ಮಾಡಿದರೆ ಅವು ಕಷ್ಟವಲ್ಲ. ಕಷ್ಟವಿರುವುದು ಸಂದರ್ಶನದ ಕಿಟಕಿಯ ಮುಂದೆ ನಡೆಯುವ ಕೆಲವೇ ನಿಮಿಷಗಳ ಮಾತುಕತೆಯಲ್ಲಿ. ಅಲ್ಲಿ ಉತ್ತರಿಸಬೇಕಾದವಳು ಪತ್ನಿ, ಆದರೆ ಅರ್ಜಿಯಲ್ಲಿ ಏನಿದೆ ಎಂದು ಕೇಳಿದರೆ ‘ಅದನ್ನೆಲ್ಲ ಅವರೇ ತುಂಬಿಸಿದ್ದು’ ಎನ್ನುವವರೇ ನನ್ನ ಬಳಿ ಹೆಚ್ಚು ಬರುತ್ತಾರೆ. ಆದ್ದರಿಂದ ಪಿಟಿಷನ್ನಿನ ಪೂರ್ಣ ಪ್ರತಿ ತರಿಸಿ, ಸಾಲುಸಾಲಾಗಿ ಓದಿಸಿ, ತುಳುವಿನಲ್ಲೋ ಕನ್ನಡದಲ್ಲೋ ಅವರದೇ ಮಾತಿನಲ್ಲಿ ಹೇಳಿಸುತ್ತೇನೆ. ಉತ್ತರಗಳನ್ನು ಬಾಯಿಪಾಠ ಮಾಡಿಸುವುದನ್ನು ನಾನು ಒಪ್ಪುವುದಿಲ್ಲ. ಸತ್ಯವಾದ ದಾಂಪತ್ಯವೂ ಬಾಯಿಪಾಠದಲ್ಲಿ ಸುಳ್ಳಿನಂತೆ ಕೇಳಿಸುತ್ತದೆ.

ವೀಸಾವನ್ನು ಸದ್ಯಕ್ಕೆ ತಡೆಹಿಡಿದಾಗ ಕೊಡುವ 221(ಜಿ) ಚೀಟಿ ಸಿಕ್ಕಿತೆಂದು ಎದೆಗುಂದಬೇಕಿಲ್ಲ. ದಾಖಲೆ ಕೇಳಿದ್ದರೆ ಅದನ್ನು ಒಂದು ವರ್ಷದೊಳಗೆ ಒಪ್ಪಿಸಬಹುದು. ಆದರೆ ಕಾನ್ಸುಲೇಟಿನ ನಿರಾಕರಣೆಗೆ ಯುಎಸ್‌ಸಿಐಎಸ್‌ನಲ್ಲಿರುವಂಥ ಮೇಲ್ಮನವಿ ಇಲ್ಲ. ಅದನ್ನು ನ್ಯಾಯಾಲಯಗಳು ಸಾಮಾನ್ಯವಾಗಿ ಮರುಪರಿಶೀಲಿಸುವುದಿಲ್ಲ ಎಂಬುದನ್ನು ಅಮೆರಿಕದ ಸುಪ್ರೀಂ ಕೋರ್ಟ್ 2024ರಲ್ಲಿ, ಪೌರರೊಬ್ಬರ ಪತಿಯ ವೀಸಾ ಪ್ರಕರಣದಲ್ಲಿಯೇ, ಮತ್ತೆ ಎತ್ತಿಹಿಡಿದಿದೆ. ಬೇರ್ಪಟ್ಟ ದಂಪತಿಗಳ ಮಟ್ಟಿಗೆ ಇದು ಬಹಳ ಕಠಿಣವಾದ ನಿಯಮವೆಂದೇ ನನ್ನ ಅಭಿಪ್ರಾಯ.

ಎರಡು ಇಲಾಖೆಗಳ ಈ ಭೇದ ವಿದ್ಯಾರ್ಥಿಗಳನ್ನೂ ತಟ್ಟುತ್ತದೆ. ಎಚ್-4ರಲ್ಲಿ, ಅಂದರೆ ಉದ್ಯೋಗ ವೀಸಾದವರ ಅವಲಂಬಿತಳಾಗಿ, ಹೋದ ಮಗಳು ಅಲ್ಲಿಯೇ ವಿದ್ಯಾರ್ಥಿ ದರ್ಜೆಯಾದ ಎಫ್-1ಕ್ಕೆ ಬದಲಾಯಿಸಿಕೊಂಡಿದ್ದರೆ, ಯುಎಸ್‌ಸಿಐಎಸ್ ಕೊಟ್ಟದ್ದು ಅಲ್ಲಿ ಉಳಿದು ಓದುವ ಅನುಮತಿಯೇ ಹೊರತು ವೀಸಾ ಅಲ್ಲ. ಊರಿಗೆ ಬಂದು ಮರಳುವಾಗ ಅವಳು ಕಾನ್ಸುಲೇಟಿನಲ್ಲಿ ಎಫ್-1 ಸ್ಟಾಂಪಿಂಗ್, ಅಂದರೆ ಪಾಸ್‌ಪೋರ್ಟಿಗೆ ವೀಸಾ ಹಾಕಿಸುವುದನ್ನು, ಮಾಡಿಸಬೇಕು, ಮತ್ತು ಅಧಿಕಾರಿ ಅವಳ ಉದ್ದೇಶವನ್ನು ಹೊಸದಾಗಿಯೇ ಅಳೆಯುತ್ತಾರೆ. ಅಣ್ಣನ ಮದುವೆಗೆಂದು ಬರುವ ಮಕ್ಕಳ ಪೋಷಕರಿಗೆ, ಸಂದರ್ಶನದ ದಿನ ನಿಗದಿಯಾದ ಬಳಿಕವೇ ವಿಮಾನದ ಟಿಕೆಟ್ ಮಾಡಿಸಿ ಎಂದು ಹೇಳುತ್ತೇನೆ.