ಕಾಲೇಜು ಅರ್ಧಕ್ಕೆ ನಿಲ್ಲದಂತೆ ನೋಡಿಕೊಳ್ಳುವುದು ಹೇಗೆ?

ಅಮೆರಿಕದ ಕಮ್ಯುನಿಟಿ ಕಾಲೇಜುಗಳು ಹೆಚ್ಚಾಗಿ ಎರಡು ವರ್ಷದ ಸರ್ಕಾರಿ ಕಾಲೇಜುಗಳು. ಸೇರುವುದು ಸುಲಭ, ಶುಲ್ಕವೂ ಕಡಿಮೆ, ಮುಗಿಸುವವರೇ ಕಡಿಮೆ. ದುಡಿಮೆ, ಮಕ್ಕಳು, ಮನೆ ಬಾಡಿಗೆ ಎಂದು ಓದು ಹಿಂದೆ ಬೀಳುತ್ತದೆ. ಇದಕ್ಕೆ ನ್ಯೂಯಾರ್ಕ್‌ನ ಸಿಟಿ ಯೂನಿವರ್ಸಿಟಿ 2007ರಲ್ಲಿ ‘ಎಎಸ್‌ಎಪಿ’ ಎಂಬ, ಓದು ಬೇಗ ಮುಗಿಸಲು ನೆರವಾಗುವ ಯೋಜನೆ ಶುರುಮಾಡಿತು. ಎಂಡಿಆರ್‌ಸಿ ಎಂಬ ಸಂಶೋಧನಾ ಸಂಸ್ಥೆ 896 ವಿದ್ಯಾರ್ಥಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಪರೀಕ್ಷಿಸಿತು. ಮೂರು ವರ್ಷದಲ್ಲಿ ಪದವಿ ಪಡೆದವರು ಯೋಜನೆಯೊಳಗೆ ಶೇ 40, ಹೊರಗೆ ಶೇ 22.

ಇಂಥದ್ದನ್ನು ಕಟ್ಟಲು ಹೊರಟವರು ಮೊದಲು ಲೆಕ್ಕ ಹಾಕಬೇಕು. ಈ ಎರಡು ವರ್ಷದ ಪದವಿಗೆ ಸಾಮಾನ್ಯವಾಗಿ 60 ಕ್ರೆಡಿಟ್ (ಮುಗಿಸಿದ ಪಾಠಗಳ ಅಳತೆ) ಬೇಕು. ಸೆಮಿಸ್ಟರ್‌ಗೆ 12 ಕ್ರೆಡಿಟ್ ತೆಗೆದುಕೊಂಡರೆ ‘ಪೂರ್ಣಾವಧಿ’ ವಿದ್ಯಾರ್ಥಿ ಎನ್ನುತ್ತಾರೆ. ಆದರೆ ನಾಲ್ಕು ಸೆಮಿಸ್ಟರ್‌ಗೆ ಆಗುವುದು 48 ಮಾತ್ರ! ಅದಕ್ಕೇ ಗುರಿ ಮೂರು ವರ್ಷ. ಪೂರ್ಣಾವಧಿ ಓದು ಕಡ್ಡಾಯ, ಕೊರತೆ ತುಂಬಲು ಬೇಸಿಗೆ ಮತ್ತು ಚಳಿಗಾಲದ ತರಗತಿಗಳು. ಗಣಿತ, ಇಂಗ್ಲಿಷ್‌ನ ಪೂರ್ವಸಿದ್ಧತಾ ಪಾಠಗಳನ್ನು ಆರಂಭದಲ್ಲೇ ಮುಗಿಸಿಬಿಡಬೇಕು. ಅವುಗಳ ಭಯಕ್ಕೆ ಮುಂದೂಡಿದವರು ಕೊನೆಗೆ ಅಲ್ಲೇ ಸಿಕ್ಕಿಬೀಳುತ್ತಾರೆ.

ಎರಡನೆಯದು ಸಲಹೆಗಾರರ ನೇಮಕ, ಇಡೀ ಯೋಜನೆಯ ಬೆನ್ನೆಲುಬು ಇದೇ. ಆ ಅಧ್ಯಯನದ ಹೊತ್ತಿನಲ್ಲಿ ಒಬ್ಬ ಸಲಹೆಗಾರರಿಗೆ 60ರಿಂದ 80 ವಿದ್ಯಾರ್ಥಿಗಳಿದ್ದರು. ಅದೇ ಕಾಲೇಜುಗಳ ಉಳಿದ ಸಲಹೆಗಾರರ ಪಾಲಿಗೆ 600ಕ್ಕೂ ಹೆಚ್ಚು. ಅಷ್ಟು ಜನರಿದ್ದರೆ ವಿಷಯ ಆಯ್ಕೆಯ ಫಾರಂಗೆ ಸಹಿ ಹಾಕುವುದರಲ್ಲೇ ದಿನ ಮುಗಿಯುತ್ತದೆ. ಪಾಳಿ ಬದಲಾಗಿ ತರಗತಿ ತಪ್ಪಿಸುತ್ತಿರುವ ಹುಡುಗಿ ಕಣ್ಣಿಗೆ ಬೀಳುವುದೇ ಇಲ್ಲ. ಶುರುವಿನಲ್ಲಿ ತಿಂಗಳಿಗೆ ಎರಡು ಭೇಟಿ ಇಟ್ಟುಕೊಂಡು, ಮೊದಲ ಸೆಮಿಸ್ಟರ್ ಕಳೆದ ಮೇಲೆ ಯಾರಿಗೆ ಎಷ್ಟು ನೆರವು ಬೇಕೆಂದು ನೋಡಿ ಭೇಟಿಗಳನ್ನು ಹೆಚ್ಚು ಕಡಿಮೆ ಮಾಡಬಹುದು.

ಆದರೆ ‘ಬನ್ನಿ’ ಎಂದರೆ ಯಾರೂ ಬರುವುದಿಲ್ಲ. ಇಲ್ಲಿ ನ್ಯೂಯಾರ್ಕ್ ಮಾಡಿದ್ದು ಜಾಣತನ: ರೈಲು, ಬಸ್ಸಿಗೆ ಆಗುವ ತಿಂಗಳ ಮೆಟ್ರೊಕಾರ್ಡನ್ನು ಉಚಿತವಾಗಿ ಕೊಟ್ಟು, ಅದನ್ನು ಭೇಟಿಗೆ ಗಂಟುಹಾಕಿತು. ಪಾಸ್ ಬೇಕಾದರೆ ಸಲಹೆಗಾರರ ಮುಖ ನೋಡಲೇಬೇಕು. ಷರತ್ತಿಲ್ಲದೆ ಹಂಚಿದರೆ ಅದು ಬರೀ ಪಾಸ್.

ಪಠ್ಯಪುಸ್ತಕವೂ ಉಚಿತ. ಸರ್ಕಾರದ ಆರ್ಥಿಕ ನೆರವು ಕಳೆದು ಉಳಿಯುವ ಶುಲ್ಕವನ್ನು ಯೋಜನೆಯೇ ತುಂಬುತ್ತದೆ. ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವ ಈ ಶುಲ್ಕ ಮನ್ನಾ ಅಧ್ಯಯನದಲ್ಲಿ ಬೇಕಾದದ್ದು ಕೆಲವರಿಗಷ್ಟೇ. ಬಡ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರ ಶುಲ್ಕಕ್ಕೆ ಸರ್ಕಾರದ ನೆರವೇ ಸಾಕಾಗುತ್ತಿತ್ತು.

ಕಾಲೇಜುಗಳು ಹಿಂಜರಿಯುವುದು ಹಣದ ಮಾತಿಗೆ. ಮಾಮೂಲಿ ವೆಚ್ಚದ ಮೇಲೆ ಮೂರು ವರ್ಷಕ್ಕೆ ತಲಾ ಸುಮಾರು 16,300 ಡಾಲರ್ ಹೆಚ್ಚು ಹಿಡಿಯಿತು. ಹಾಗೆಂದು ಸಲಹೆಗಾರರನ್ನು ಕಡಿತ ಮಾಡಿ ಪಾಸ್ ಮಾತ್ರ ಉಳಿಸಿಕೊಂಡರೆ ಹಣವೂ ಹೋಯಿತು, ಫಲವೂ ಇಲ್ಲ. ಲೆಕ್ಕವನ್ನು ತಲೆ ಎಣಿಸಿ ಹಾಕದೆ ಪದವಿ ಎಣಿಸಿ ಹಾಕಿ: ಮುಗಿಸಿದವರು ಅಷ್ಟು ಹೆಚ್ಚಿದ್ದರಿಂದ ಒಂದೊಂದು ಪದವಿಗೆ ತಗಲಿದ ಖರ್ಚು ಮಾಮೂಲಿಗಿಂತ ಕಡಿಮೆಯೇ ಆಯಿತು.

ನಗರ ಬದಲಾದರೆ ಆಮಿಷವೂ ಬದಲಾಗಬೇಕು. ಅಮೆರಿಕದ ಒಹಾಯೊ ರಾಜ್ಯದ ಮೂರು ಕಾಲೇಜುಗಳು ಇದೇ ಮಾದರಿ ತಂದಾಗ, ಮೆಟ್ರೊಕಾರ್ಡ್ ಜಾಗದಲ್ಲಿ ತಿಂಗಳಿಗೆ 50 ಡಾಲರ್‌ನ ದಿನಸಿ ಅಥವಾ ಪೆಟ್ರೋಲ್ ಕಾರ್ಡ್ ಇಟ್ಟವು. ಅಲ್ಲಿ ಮೂರು ವರ್ಷದಲ್ಲಿ ಪದವಿ ಪಡೆದವರು ಶೇ 35, ಯೋಜನೆಯ ಹೊರಗಿದ್ದವರಲ್ಲಿ ಶೇ 19.